ಅವ್ವ ಕೆಡಿಸಿದ ಗುಂಡಿ

ನಮ್ಮ ಮನೆಗೆ ಬರುವವರಿಗೆ ಬಾಗಿಲಿಗಿಂತ ಮೊದಲು ಎದುರಾಗುತ್ತಿದ್ದದ್ದು ಎರಡು ಗುಂಡಿಗಳು. ಹೊನ್ನಾಳಿಯ ಕುಂಬಾರಗೇರಿಯಲ್ಲಿ ಎಲ್ಲರ ಮನೆ ಮುಂದೆಯೂ ಗುಂಡಿ ಇತ್ತು, ಆದರೆ ನಮ್ಮದರಷ್ಟು ದೊಡ್ಡದು ಯಾರದೂ ಇರಲಿಲ್ಲ. ಗೊತ್ತಿಲ್ಲದೆ ಬಂದ ನೆಂಟರು ಒಬ್ಬಿಬ್ಬರಾದರೂ ಕಾಲುಜಾರಿ ಬಿದ್ದು, ಮೊಣಕಾಲವರೆಗೆ ರಾಡಿ ಮಾಡಿಕೊಂಡೇ ಒಳಗೆ ಬರುತ್ತಿದ್ದರು. ಮೇಲಿನ ಗುಂಡಿಯಲ್ಲಿ ಕೆರೆಯ ಮಣ್ಣನ್ನು ನೆನೆಹಾಕಿ ಕಲಕುವುದು. ಕಲ್ಲು ಮರಳು ತಳಕ್ಕೆ ಬಿದ್ದ ಮೇಲೆ ಹಾಲಿನಂಥ ರಾಡಿಯನ್ನು ಕಾಲುವೆಯಲ್ಲಿ ಕೆಳಗಿನ ಗುಂಡಿಗೆ ಹರಿಸುವುದು. ಅಲ್ಲಿ ನುಣ್ಣನೆಯ ಮಣ್ಣು ತಳ ಹಿಡಿದು ಮೇಲೆ ತಿಳಿನೀರು ನಿಂತಾಗ ಆ ನೀರನ್ನು ಮೊಗೆದು ಚೆಲ್ಲುವುದು. ಉಳಿದ ಬಗ್ಗಡವನ್ನು ಮರಳಿನ ಮೇಲೆ ಹರವಿ, ಆರಿಸಿ, ತುಳಿದು, ಮುದ್ದೆ ಕಟ್ಟಿ, ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಹಸಿ ಗೋಣಿ ಮುಚ್ಚಿ ಇಡುತ್ತಿದ್ದರು. ನಾವು ಮಲಗುತ್ತಿದ್ದದ್ದು ಆ ಕೋಣೆಯ ಗೋಡೆಗೆ ತಲೆ ಕೊಟ್ಟು. ಹುಳಿತ ಮಣ್ಣಿನ ಆ ವಾಸನೆ ಬೇರೆಯವರಿಗೆ ಗಬ್ಬು. ನನಗೆ ಅದಿಲ್ಲದ ಮನೆಯಲ್ಲಿ ಇವತ್ತಿಗೂ ಸರಿಯಾಗಿ ನಿದ್ದೆ ಬರುವುದಿಲ್ಲ.

ಮನೆಯಲ್ಲಿ ಅಧಿಕಾರ ಹಂಚಿಕೆ ಸ್ಪಷ್ಟವಾಗಿತ್ತು. ತಿಗರಿ, ಅಂದರೆ ಮಡಕೆ ಮಾಡುವ ಚಕ್ರ, ಅಪ್ಪನದು. ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ. ಗುಂಡಿ ಹಿರಿಯ ಹೆಂಗಸಿನದು. ಗಂಡಸರು ಅದರ ವಿಷಯದಲ್ಲಿ ತುಟಿ ಬಿಚ್ಚುವಂತಿರಲಿಲ್ಲ. ನಮ್ಮಲ್ಲಿ ಆ ಹಿರಿಯ ಹೆಂಗಸು ಅಪ್ಪನ ತಾಯಿ, ಅಜ್ಜಿ ಕೆಂಚಮ್ಮ. ಗುಂಡಿ ಕಲಕಲು ಕಗ್ಗಲಿ ಮರದ ಒಂದು ಕೋಲಿತ್ತು. ಹಿಡಿದು ಹಿಡಿದು ನಡುವೆ ಸವೆದು ನುಣ್ಣಗಾಗಿತ್ತು. ಅದನ್ನು ಅಜ್ಜಿ ಯಾರ ಕೈಗೂ ಕೊಡುತ್ತಿರಲಿಲ್ಲ. ಸೊಸೆಯಾದವಳು ಮಣ್ಣು ಹೊರಬಹುದು, ತುಳಿಯಬಹುದು, ನೀರು ತರಬಹುದು. ಕೋಲು ಹಿಡಿಯಬೇಕಾದರೆ ಅತ್ತೆ ತಾನಾಗಿ ಕೊಡಬೇಕು. ಕೇಳಿ ಪಡೆಯುವಂಥದ್ದಲ್ಲ. ಅವ್ವ ಮದುವೆಯಾಗಿ ಬಂದು ನಾನು ಹುಟ್ಟಿ, ನನಗೆ ಹಲ್ಲು ಬಿದ್ದು ಹೊಸ ಹಲ್ಲು ಬಂದರೂ ಆ ಕೋಲು ಅವಳ ಕೈಗೆ ಬಂದಿರಲಿಲ್ಲ.

ಅವ್ವ ಸೊಕ್ಕೆಯವಳು. ಜಗಳೂರು ಸೀಮೆಯ ಆ ಊರಿನಲ್ಲಿ ನೀರು ಉಪ್ಪು. ಅಲ್ಲಿಯ ಬಾವಿ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೀಗೆಕಾಯಿ ನೊರೆ ಬರುವುದಿಲ್ಲ. ಹೊನ್ನಾಳಿಗೆ ಬಂದ ಹೊಸದರಲ್ಲಿ ತುಂಗಭದ್ರೆಯ ನೀರಿನಲ್ಲಿ ತಲೆ ತೊಳೆದುಕೊಂಡು, ಆ ನೊರೆ ನೋಡಿ ಅವ್ವ ಹೊಳೆಯ ದಂಡೆಯಲ್ಲೇ ನಕ್ಕಿದ್ದಳಂತೆ. ಅದನ್ನು ಅಜ್ಜಿ ಜೀವನಪೂರ್ತಿ ಆಡಿಕೊಂಡಳು. ಊಟಕ್ಕೆ ಕೂತಾಗ ತೊಗರಿಬೇಳೆ ಸಾರು ಬಡಿಸಿದರೆ ಸಾಕು, ಶುರು.

“ಉಣ್ಣವ್ವ ಉಣ್ಣು. ನಿಮ್ಮೂರಾಗೆ ಬೇಳೆ ಬೇಯೋದ್ರೊಳಗೆ ಬಸುರಿ ಹಡೆದಿರ್ತಾಳೆ.”

“ಬೇಳೆ ಬೇಯದಿದ್ರೆ ಏನಾತು ಅತ್ತೆ, ನಮ್ಮೂರ ನೀರು ಕುಡ್ದವರ ಮೂಳೆ ಗಟ್ಟಿ ಇರ್ತಾವೆ.”

“ಮೂಳೆ ಅಲ್ಲವ್ವ, ತಲೆ.”

ಅಪ್ಪ ಹನುಮಂತಪ್ಪ ಈ ಮಾತುಗಳ ನಡುವೆ ತಟ್ಟೆ ನೋಡುತ್ತ ಉಣ್ಣುತ್ತಿದ್ದ. ಒಳ್ಳೆಯ ಮನುಷ್ಯ, ಆದರೆ ಒಂದೇ ಒಂದು ಸಲ ಬಾಯಿ ಬಿಟ್ಟು ಯಾರ ಪರವಾಗಿಯಾದರೂ ಮಾತಾಡಬಾರದೇ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಅವನ ಬೆರಳುಗಳು ಮಾತ್ರ ಜಾಣ ಬೆರಳುಗಳು. ತಿಗರಿಯ ಮೇಲೆ ಮುದ್ದೆ ಇಟ್ಟು ಎರಡು ಹೆಬ್ಬೆರಳು ಒಳಗಿಳಿಸಿದನೆಂದರೆ ಗಡಿಗೆ ತಾನಾಗಿ ಎದ್ದು ನಿಲ್ಲುತ್ತಿತ್ತು. ಅವು ಯುದ್ಧದ ವರ್ಷಗಳು. ತಾಮ್ರ ಹಿತ್ತಾಳೆ ಕಣ್ಣಿಗೆ ಬೀಳುತ್ತಿರಲಿಲ್ಲ. ಒಡೆದ ಬಿಂದಿಗೆಗೆ ಬದಲು ಜನ ಮಣ್ಣಿನ ಕೊಡಕ್ಕೆ ಬರುತ್ತಿದ್ದರು. ಕೆಲಸಕ್ಕೆ ಕಡಿಮೆ ಇರಲಿಲ್ಲ. ಆದರೆ ಆ ಬೇಸಿಗೆ ಕೆರೆಯಲ್ಲಿ ಅಗೆದ ಮಣ್ಣು ಕೆಟ್ಟದಾಗಿತ್ತು. ನುಚ್ಚಿನಂಥ ಗರಸು ತುಂಬಿತ್ತು. ಎಷ್ಟು ಕಲಕಿದರೂ ರಾಡಿ ಗಂಜಿಯಂತೆ ದಪ್ಪ. ಗರಸು ಅದರೊಳಗೆ ತೇಲಿಕೊಂಡೇ ಕೆಳಗಿನ ಗುಂಡಿಗೆ ಬಂದುಬಿಡುತ್ತಿತ್ತು. ತಿಗರಿಯ ಮೇಲೆ ಆ ಗರಸು ಅಪ್ಪನ ಅಂಗೈಯನ್ನು ಗೀರಿ ಗೀರಿ ರಕ್ತ ಬರಿಸುತ್ತಿತ್ತು. ಅವ್ವ ಊಟವಾದ ಮೇಲೆ ಅವನ ಕೈಗೆ ಹರಳೆಣ್ಣೆ ಹಚ್ಚುತ್ತ ಏನೋ ಲೆಕ್ಕ ಹಾಕುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಅಷ್ಟರಲ್ಲಿ ನ್ಯಾಮತಿಯಿಂದ ಹೇಳಿಕಳಿಸಿದರು. ಅಪ್ಪನ ತಂಗಿಗೆ ಹೆರಿಗೆ ಹತ್ತಿರವಾಗಿದೆ, ಬಸುರಿ ತೀರಾ ನಿತ್ರಾಣವಾಗಿದ್ದಾಳೆ, ಗಾಡಿ ಹತ್ತಿಸುವಂತಿಲ್ಲ, ತಾಯಿಯೇ ಬರಬೇಕು ಎಂದು. ಅಜ್ಜಿ ಸೀರೆ ಗಂಟು ಕಟ್ಟಿಕೊಂಡಳು. ಹೊರಡುವ ಮುಂಚೆ ಕಗ್ಗಲಿ ಕೋಲನ್ನು ಅಟ್ಟದ ಮೇಲೆ ಹಳೆಯ ಚಾಪೆಯಲ್ಲಿ ಸುತ್ತಿಟ್ಟಳು. ನಮ್ಮೆಲ್ಲರ ಕಣ್ಣೆದುರೇ ಇಟ್ಟಳು.

“ನಾ ಬರೋ ಮಟ ಮೇಲಿನ ಗುಂಡಿ ನೆನೀಲಿ. ಯಾರೂ ಕೈ ಹಾಕಬ್ಯಾಡ್ರಿ.”

ಹೋದವಳು ಬೇಗ ಬರಲಿಲ್ಲ. ಹೆರಿಗೆ ತಡವಾಯಿತು, ಆಮೇಲೆ ಬಾಣಂತಿಗೆ ಜ್ವರ. ಇತ್ತ ಕೋಣೆಯಲ್ಲಿ ಮುದ್ದೆ ಖಾಲಿಯಾಯಿತು. ಅಪ್ಪ ತಿಗರಿಯ ಮುಂದೆ ಬರಿಗೈಯಲ್ಲಿ ಕೂತ. ಮಳೆ ಬಿದ್ದರೆ ಕೆರೆ ತುಂಬಿ ಮತ್ತೆ ಮಣ್ಣು ಸಿಗುವುದಿಲ್ಲ, ಆವಿಗೆ ಹಚ್ಚಿ ಮಡಕೆ ಸುಡಲೂ ಆಗುವುದಿಲ್ಲ. ವರ್ಷದ ಮಣ್ಣೆಲ್ಲ ಆ ಗುಂಡಿಯಲ್ಲೇ ಇತ್ತು. ಒಂದು ಬೆಳಗ್ಗೆ ಅವ್ವ ಒಲೆಯ ಮುಂದಿನಿಂದ ಎದ್ದವಳೇ ಸೆರಗು ಸಿಕ್ಕಿಸಿ ಅಟ್ಟ ಹತ್ತಿದಳು. ಕೋಲು ಇಳಿಸಿದಳು. ಆಮೇಲೆ ತನ್ನ ತವರಿನಿಂದ ಬಟ್ಟೆ ಒಗೆಯಲೆಂದು ತಂದಿಟ್ಟಿದ್ದ, ಸೋಡಾದ ಗುಣದ ಸವುಳುಮಣ್ಣಿನ ಮೂಟೆಯನ್ನು ಎಳೆದು ತಂದಳು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ.

“ಅದ್ಯಾಕೆ?”

“ನಮ್ಮೂರಾಗೆ ಹಿಂಗೇ ಮಾಡೋದು. ಸವುಳು ಹಾಕಿದ್ರೆ ರಾಡಿ ನೀರಾಗ್ತೈತೆ, ಗರಸು ಪಟಪಟ ಅಂತ ತಳಕ್ಕೆ ಬೀಳ್ತೈತೆ. ನಿಮ್ಮ ಕೈ ನೋಡಾಕೆ ಆಗವಲ್ದು ನನಗೆ.”

ನಿಜಕ್ಕೂ ಹಾಗೇ ಆಯಿತು. ಮೂಟೆ ಸುರಿದು ಅವ್ವ ಕಲಕಿದಂತೆ ಗಂಜಿಯಂತಿದ್ದ ರಾಡಿ ನಮ್ಮ ಕಣ್ಣ ಮುಂದೆಯೇ ತೆಳ್ಳಗಾಗಿ ಹಾಲಾಯಿತು. ಗರಸೆಲ್ಲ ತಳ ಸೇರಿತು. ಕಾಲುವೆ ಬಿಟ್ಟಾಗ ಹರಿದ ರಾಡಿಯನ್ನು ಅವ್ವ ಬೆರಳ ನಡುವೆ ಉಜ್ಜಿ, ನನ್ನ ಕೆನ್ನೆಗೆ ಹಚ್ಚಿ ತೋರಿಸಿದಳು. ಬೆಣ್ಣೆಯಷ್ಟು ನುಣುಪು, ಒಂದು ಹರಳೂ ಇರಲಿಲ್ಲ. ಅವತ್ತು ಅವ್ವ ಹಾಡಿಕೊಳ್ಳುತ್ತ ರೊಟ್ಟಿ ತಟ್ಟಿದಳು. ನನಗೂ ಖುಷಿಯೋ ಖುಷಿ. ಅಜ್ಜಿ ಬಂದಾಗ ಅವಳ ಮುಖ ಹೇಗಾಗುತ್ತದೆ ಎಂದು ನಾನು ಗೋಡೆಗೆ ಒರಗಿ ನಿಂತು ಅಭಿನಯಿಸಿ ತೋರಿಸಿದೆ, ಅಪ್ಪನೂ ನಕ್ಕ.

ಮರುದಿನ ಕೆಳಗಿನ ಗುಂಡಿಯಲ್ಲಿ ತಿಳಿನೀರು ನಿಂತಿರಲಿಲ್ಲ. ಅದರ ಮರುದಿನವೂ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾದ ಹಾಲು. ಬಿಸಿಲಿಗೆ ಮೇಲೆ ಕೆನೆಯಂತೆ ಒಂದು ಪದರ ಕಟ್ಟಿ ಸೀಳುತ್ತಿತ್ತು, ಬೆರಳು ಚುಚ್ಚಿದರೆ ಕೆಳಗೆ ಮತ್ತೆ ಹಾಲು. ಅವ್ವ ಮರಳಿನ ಮೇಲೆ ಒಂದಷ್ಟು ಹರವಿ ಆರಿಸಿದಳು. ಹೊರಗೆ ಗಟ್ಟಿ, ಒಳಗೆ ಲೊಳಲೊಳ. ಹೇಗೋ ಒಂದು ಮುದ್ದೆ ಕಟ್ಟಿ ಅಪ್ಪನಿಗೆ ಕೊಟ್ಟರೆ, ಗಡಿಗೆ ಅರ್ಧ ಎದ್ದು ಸೊಂಟ ಕಳಚಿದವರಂತೆ ಕುಸಿದು ತಿಗರಿಯ ಮೇಲೆ ಹರಡಿಕೊಂಡಿತು. ಅಪ್ಪ ಇನ್ನೊಂದು ಮುದ್ದೆ ಇಟ್ಟ. ಅದೂ ಕುಸಿಯಿತು. ಮೂರನೆಯದನ್ನು ಅವನು ಕೇಳಲಿಲ್ಲ.

ಅಜ್ಜಿ ಬಂದದ್ದು ಅಂಥ ಹೊತ್ತಿನಲ್ಲಿ. ಗಂಟು ಇಳಿಸಲಿಲ್ಲ, ಕಾಲು ತೊಳೆಯಲಿಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ಉಗುಳಿದಳು.

“ಸವುಳು ಹಾಕಿದ್ಯಾ?”

“ಹಾಕಿದೆ ಅತ್ತೆ.”

“ಕೋಲು ಯಾರು ಕೊಟ್ರು?”

“ನಾನೇ ತಗೊಂಡೆ.”

ಅವ್ವ ಸುಳ್ಳು ಹೇಳಲಿಲ್ಲ, ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಬಿದ್ದಿದ್ದರೆ ಅಜ್ಜಿ ಇಳಿಯುತ್ತಿದ್ದಳೇನೋ. ಅಜ್ಜಿ ಕೂಗಾಡಲೂ ಇಲ್ಲ, ಅದೇ ನನಗೆ ಭಯ ಹುಟ್ಟಿಸಿತು. ದಾವಣಗೆರೆ ಸಂತೆಗೆ ಹೊರಟಿದ್ದ ಕೇರಿಯವರೊಬ್ಬರನ್ನು ಕರೆದು, ಜಗಳೂರು ಕಡೆಯ ಗಾಡಿಯವರ ಮೂಲಕ ಸೊಕ್ಕೆಗೆ ಮಾತು ಮುಟ್ಟಿಸಲು ಹೇಳಿದಳು. ಅಣ್ಣನಾದವನು ಬಂದು ತಂಗಿಯನ್ನು ಕರೆದುಕೊಂಡು ಹೋಗಲಿ. ಗುಂಡಿ ಕೆಡಿಸಿದ ಸೊಸೆ ಮನೆಯಲ್ಲಿ ಇರಬಾರದು. ನಮ್ಮ ಕೇರಿಯಲ್ಲಿ ಹಿಂದೆಯೂ ಹಾಗೆ ನಡೆದಿತ್ತು. ಕಳಿಸಿದ ಸೊಸೆ ಮತ್ತೆ ಬಂದಿರಲಿಲ್ಲ, ಆ ಮನೆಗೆ ಬೇರೆ ಸೊಸೆ ಬಂದಿದ್ದಳು. ಇದು ನನಗೆ ಗೊತ್ತಿತ್ತು. ನಾನು ಉಣ್ಣುತ್ತಿದ್ದ ತಟ್ಟೆಯನ್ನು ಎತ್ತಿ ಅಂಗಳಕ್ಕೆ ಎಸೆದೆ.

“ಅವ್ವ ಹೋದ್ರೆ ನಾನೂ ಹೋಗ್ತೀನಿ!”

“ನೀನು ಈ ಮನೆ ಕೂಸು. ನೀನೆಲ್ಲಿಗೂ ಹೋಗಂಗಿಲ್ಲ ಹಾಲಮ್ಮ. ತಟ್ಟೆ ತಗೊಂಡು ಬಾ.”

ನಾನು ತರಲಿಲ್ಲ. ಅದು ಅಂಗಳದಲ್ಲೇ ಬಿದ್ದಿತ್ತು, ನಾಯಿ ನೆಕ್ಕಿತು. ಅಪ್ಪ ಹೋಗಿ ತೊಳೆದು ತಂದಿಟ್ಟ. ಅವನ ಮೇಲೆ ಆಗ ನನಗೆ ಬಂದಷ್ಟು ಸಿಟ್ಟು ಅಜ್ಜಿಯ ಮೇಲೂ ಬರಲಿಲ್ಲ. ಅಜ್ಜಿಯ ಸಿಟ್ಟಿಗೆ ಕಾರಣವಿತ್ತು ಎಂದು ಈಗ ಒಪ್ಪುತ್ತೇನೆ. ವರ್ಷದ ಅನ್ನ ಆ ಗುಂಡಿಯಲ್ಲಿತ್ತು; ಅದು ಹಾಲಾಗಿ ನಿಂತುಬಿಟ್ಟಿತ್ತು. ಆಕಾಶದ ಮೂಲೆಯಲ್ಲಿ ಆಗಲೇ ಮೋಡ ಕಾಣಿಸುತ್ತಿತ್ತು.

ಅವ್ವ ಏನು ಮಾಡಿದಳು ಗೊತ್ತೇ? ಮರುದಿನ ಹೊತ್ತು ಏರುವ ಮುಂಚೆ ಜಗಲಿಯ ಮೇಲೆ ಬಾಯಿ ಮುಕ್ಕಾದ ಕುಡಿಕೆಗಳನ್ನೆಲ್ಲ ಸಾಲಾಗಿ ಇಟ್ಟಳು. ಎಲ್ಲಕ್ಕೂ ಗುಂಡಿಯ ರಾಡಿ ತುಂಬಿದಳು. ಒಂದಕ್ಕೆ ಹುಳಿ ಅಂಬಲಿ, ಒಂದಕ್ಕೆ ಹುಣಸೆ ನೀರು, ಒಂದಕ್ಕೆ ಬೂದಿ, ಒಂದಕ್ಕೆ ಸುಣ್ಣದ ತಿಳಿ, ಇನ್ನೊಂದಕ್ಕೆ ಬರೀ ಹೊಳೆ ನೀರು. ಕಲಕುತ್ತಿದ್ದದ್ದು ನಾನು. ಯಾವ ಕುಡಿಕೆಗೆ ಏನು ಹಾಕಿದ್ದೆಂದು ಬಾಯಿಪಾಠ ಮಾಡಿಕೊಂಡು ನಾನು ಅವುಗಳ ಮುಂದೆ ಕಾವಲು ಕೂರುತ್ತಿದ್ದೆ. ಕೋಳಿ ಬಂದರೆ ಓಡಿಸುತ್ತಿದ್ದೆ, ಅಜ್ಜಿ ಬಂದರೆ ಗುರ್ ಎನ್ನುತ್ತಿದ್ದೆ. ಬೂದಿಯದು ಇನ್ನಷ್ಟು ತೆಳ್ಳಗಾಯಿತು. ಹೊಳೆ ನೀರಿನದು ಹಾಗೇ ಉಳಿಯಿತು. ಅಂಬಲಿಯದು, ಹುಣಸೆಯದು ಕೊಂಚ ಒಡೆದಂತೆ ಕಂಡವು, ಆದರೆ ಕೂರಲಿಲ್ಲ. ಸುಣ್ಣದ್ದು ಚೆನ್ನಾಗಿಯೇ ತಳ ಹಿಡಿಯಿತು, ಆದರೆ ಅಜ್ಜಿ ಅತ್ತ ಹೋಗುತ್ತ ನಿಂತು ನೋಡಿ ಹೇಳಿದಳು:

“ಸುಣ್ಣ ಹಾಕು, ಹಾಕು. ಆವಿಗೆ ಒಳಗೆ ಮಡಕೆ ಪಟಾಕಿ ಹಾರಿದಂಗೆ ಹಾರ್ತಾವೆ.”

ಅದು ನಿಜವೆಂದು ಅವ್ವನಿಗೂ ಗೊತ್ತಿತ್ತು. ಸುಣ್ಣದ ಕುಡಿಕೆ ಚೆಲ್ಲಿದಳು. ಚೆಲ್ಲಿ ಅಲ್ಲೇ ಕೂತಳು. ಆಗ ನಾನು ಕೇಳಿದ್ದು ಒಂದೇ ಮಾತು. ಸೊಕ್ಕೆಯಲ್ಲಿ ಸವುಳು ಹಾಕಿದ ಮೇಲೆ ಮಣ್ಣು ಹೇಗೆ ಕೂರುತ್ತದೆ? ಅವ್ವ ಹೇಳಿದಳು, ಕೆಳಗಿನ ಗುಂಡಿಗೆ ಬಾವಿಯ ನೀರು ಸುರಿಯುತ್ತೇವೆ, ಒಂದು ರಾತ್ರಿಗೆ ಕೂತುಬಿಡುತ್ತದೆ, ಅದಕ್ಕೆ ಮತ್ತೇನೂ ಮಾಡುವುದಿಲ್ಲ ಎಂದು. ಹೇಳುತ್ತ ಹೇಳುತ್ತಲೇ ನಿಲ್ಲಿಸಿದಳು. ಎದ್ದು ಅಡುಗೆಮನೆಗೆ ಹೋಗಿ ಒಂದು ಮುಷ್ಟಿ ಉಪ್ಪು ತಂದು ಹೊಳೆ ನೀರಿನ ಕುಡಿಕೆಗೆ ಹಾಕಿದಳು.

ಬೆಳಗ್ಗೆ ಆ ಕುಡಿಕೆಯಲ್ಲಿ ಮೇಲೆ ತಿಳಿನೀರು ನಿಂತಿತ್ತು. ಕುಡಿಕೆಯ ತಳದ ಗೀರು ಸಹ ಕಾಣದಷ್ಟು ದಪ್ಪಗೆ ಮಣ್ಣು ಕೂತಿತ್ತು.

“ಹಾಲು ಒಡೆದಂಗೆ ಒಡೀತು ನೋಡೇ ಹಾಲಮ್ಮ! ನಮ್ಮೂರಾಗೆ ಮಣ್ಣು ಕೂರ್ಸೋದು ನೀರಿನಾಗಿನ ಉಪ್ಪು. ಇಲ್ಲಿ ನೀರು ಸಪ್ಪೆ. ನಾನು ಸವುಳು ಒಂದನ್ನೇ ತಂದೆ, ನೀರು ತರಲಿಲ್ಲ.”

ಅಜ್ಜಿ ಆ ಕುಡಿಕೆಯನ್ನು ಎತ್ತಿ ಅಲುಗಿಸಿ ನೋಡಿದಳು. ಕೆಳಗಿಟ್ಟಳು.

“ಕುಡಿಕೆಗೆ ಮುಷ್ಟಿ ಉಪ್ಪಾತು. ಗುಂಡಿಗೆ? ಸಾರಿಗೆ ಹಾಕಾಕೇ ಉಪ್ಪು ಸಿಗದ ಕಾಲದಾಗೆ ಎಷ್ಟು ಚೀಲ ತರ್ತೀ, ಎಲ್ಲಿಂದ ತರ್ತೀ?”

ಆದರೆ ಅವತ್ತಿನಿಂದ ಅವ್ವನ ನಡಿಗೆ ಬದಲಾಯಿತು. ತಪ್ಪು ಎಲ್ಲಿ ಆಯಿತೆಂದು ತಿಳಿದವಳ ನಡಿಗೆ ಅದು. ಕೆಲಸ ಮಾಡುತ್ತ “ಉಪ್ಪು, ಉಪ್ಪು” ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು.

ಇದೇ ಸಮಯಕ್ಕೆ ಸೊಕ್ಕೆಯ ಗಾಡಿ ಬಂತು. ನನ್ನ ಸೋದರಮಾವ ಓಬಣ್ಣ ಆರಡಿ ಮನುಷ್ಯ, ಮಾತು ಕಡಿಮೆ. ಗಾಡಿ ನಿಲ್ಲಿಸಿ, ತಂಗಿಯ ಮುಖ ನೋಡಿ, ಕಣ್ಣು ಒರೆಸಿಕೊಂಡ. ಅಜ್ಜಿ ಅವನಿಗೆ ನೀರು, ಬೆಲ್ಲ ಕೊಟ್ಟಳು. ಮರ್ಯಾದೆಯಲ್ಲಿ ಕೊರತೆ ಮಾಡಲಿಲ್ಲ. ಅವ್ವನ ಸೀರೆಗಳನ್ನು ಮಡಿಸಿ ಗಂಟು ಕಟ್ಟಿ ಬಾಗಿಲ ಪಕ್ಕ ಇಟ್ಟಳು. ಆ ಗಂಟು ನೋಡಿ ನಾನು ಎದ್ದು ಗಾಡಿಯ ಹತ್ತಿರ ಹೋದೆ. ಎತ್ತುಗಳಿಗೆ ಬಾನಿಯಲ್ಲಿ ಹೊಳೆ ನೀರು ಇಟ್ಟಿದ್ದರು. ಅವು ಮೂಸಿದವು, ಮೂಗರಳಿಸಿದವು, ಮುಖ ತಿರುಗಿಸಿದವು.

“ಈ ಸಪ್ಪೆ ನೀರು ಅವಕ್ಕೆ ರುಚಿಸವಲ್ದು. ದಾರಿಯುದ್ದಕ್ಕೂ ಹಿಂಗೇ ಮಾಡ್ಯಾವೆ. ಬಾಯಾರಿ ಸಾಯ್ತಾವೆ, ಕುಡಿಯಂಗಿಲ್ಲ,” ಎಂದ ಮಾವ. “ಬಲಗಡೇದರ ಲಾಳ ಬೇರೆ ಬಿದ್ದೈತೆ. ಕಟ್ಟೋರು ಯಾರಿದಾರೆ ಇಲ್ಲಿ?”

ಎತ್ತಿಗೆ ಲಾಳ ಕಟ್ಟುವ ಖಾಸಿಂ ಸಾಬರ ಮನೆ ನಮ್ಮ ಕೇರಿಯ ಹಿಂದೆಯೇ ಇತ್ತು. ದಾರಿ ತೋರಿಸಲು ನಾನು ಮುಂದೆ ನಡೆದೆ. ಸಾಬರ ಹಿತ್ತಲಲ್ಲಿ ಒಂದು ಬಾವಿ. ಅದರ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ, ಕಾದ ಲಾಳ ತಣಿಸಲಿಕ್ಕೆ, ಅಂಗಳ ತೊಳೆಯಲಿಕ್ಕೆ ಮಾತ್ರ ಸೇದುತ್ತಿದ್ದರು. ಬಾವಿಯ ಪಕ್ಕ ಕಲ್ಲಿನ ದೋಣಿಯಲ್ಲಿ ಆ ನೀರು ತುಂಬಿತ್ತು. ಸೊಕ್ಕೆಯ ಎತ್ತುಗಳು ಮಾವನ ಕೈಯಿಂದ ಹಗ್ಗ ಕಿತ್ತುಕೊಂಡು ಹೋಗಿ ದೋಣಿಗೆ ಮೂತಿ ಹಾಕಿದವು. ಸೊರ್ ಸೊರ್ ಎಂದು ಹೀರಿದವು. ದೋಣಿ ಖಾಲಿಯಾದರೂ ತಳ ನೆಕ್ಕಿದವು. ಸಾಬರ ಹೆಂಡತಿ ಬೀಬಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

“ಅರೆ, ನಮ್ಮ ಎಮ್ಮೆನೂ ಮೂಸಿ ನೋಡದ ನೀರು ಇದು! ಯಾವೂರ ಎತ್ತು ಬೇಟಾ ಇವು?”

ನಾನು ಬಾವಿಕಟ್ಟೆಯ ಕೊಡದಲ್ಲಿ ಉಳಿದಿದ್ದ ನೀರಿಗೆ ಕೈ ಹಾಕಿ ನೆಕ್ಕಿದೆ. ಆಮೇಲೆ ಓಡಿದ ಓಟ ನನಗೆ ಈಗಲೂ ನೆನಪಿದೆ. ಮುಳ್ಳು ಚುಚ್ಚಿದ್ದು ಮನೆ ಮುಟ್ಟಿದ ಮೇಲೆ ತಿಳಿಯಿತು.

“ಅವ್ವಾ! ಲಾಳದ ಮನೆ ನೀರು ಉಪ್ಪು! ನಿಮ್ಮೂರ ಎತ್ತು ಕುಡಿದ್ವು!”

ಅವ್ವ ಸೆರಗು ಹೊದೆಯದೆ ಸಾಬರ ಹಿತ್ತಲಿಗೆ ಓಡಿ ಬಂದಳು. ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ಹಾಕಿ, ನುಂಗಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಂತಳು. ಆದರೆ ಕುಣಿದಾಡಲಿಲ್ಲ. ಬೀಬಮ್ಮನ ಕೈಯಿಂದ ಕೊಡ ಇಸಿದುಕೊಂಡು ಮನೆಗೆ ತಂದು ಮೊದಲು ಒಂದು ಕುಡಿಕೆಯಲ್ಲಿ ಬೆರೆಸಿ ಇಟ್ಟಳು. ಒಮ್ಮೆ ಸುಟ್ಟುಕೊಂಡವಳು ಅವಳು. ಅಣ್ಣನಿಗೆ ಹೇಳಿದಳು, ಇವತ್ತು ಹೊರಡುವುದಿಲ್ಲ, ಎತ್ತಿಗೆ ವಿಶ್ರಾಂತಿ ಬೇಕು ಎಂದು. ಬೆಳಗಾಗುವಷ್ಟರಲ್ಲಿ ಕುಡಿಕೆಯಲ್ಲಿ ನೀರು ಬೇರೆ, ಮಣ್ಣು ಬೇರೆ.

“ಅಣ್ಣಾ, ಗಾಡಿ ಹೂಡು.”

ಮಾವ ಬಾಗಿಲ ಪಕ್ಕದ ಸೀರೆ ಗಂಟು ಎತ್ತಿಕೊಳ್ಳಲು ಬಗ್ಗಿದ.

“ಅದನ್ನಲ್ಲ. ಆ ಬಾನಿಗಳನ್ನ ಏರ್ಸು. ನೀರು ಹೊಡೀಬೇಕು.”

ಮಾವ ಅಜ್ಜಿಯ ಮುಖ ನೋಡಿದ, ಅವ್ವನ ಮುಖ ನೋಡಿದ, ದಿಕ್ಕು ತೋಚದೆ ನಿಂತ. ಆಗ ಅಪ್ಪ ಎದ್ದ. ತಿಗರಿಯ ಮುಂದಿನಿಂದ ಎದ್ದು, ನೊಗ ಎತ್ತಿ, ಎತ್ತುಗಳ ಹೆಗಲಿಗೆ ತಾನೇ ಇಟ್ಟ. ಒಂದು ಮಾತೂ ಆಡಲಿಲ್ಲ. ಆಡದಿದ್ದರೇನಂತೆ, ಅವತ್ತು ಅಷ್ಟು ಸಾಕಾಯಿತು ನನಗೆ. ಖಾಸಿಂ ಸಾಬರು ಸೇದಿಕೊಟ್ಟರು, ಬೀಬಮ್ಮ ತುಂಬಿಸಿದಳು, ಗಾಡಿ ತುಂಬ ಬಾನಿಗಳು ತುಳುಕಿಕೊಂಡು ನಮ್ಮ ಅಂಗಳಕ್ಕೆ ಬಂದವು. ಬಂದು ನೋಡಿದರೆ ಅಜ್ಜಿ ಕೆಳಗಿನ ಗುಂಡಿಯ ಅಂಚಿನಲ್ಲಿ ಎರಡೂ ಕಾಲನ್ನು ರಾಡಿಯೊಳಗೆ ಇಳಿಬಿಟ್ಟು ಕೂತಿದ್ದಾಳೆ.

“ಒಂದು ಸಲ ಕೆಡಿಸಿದ್ದು ಸಾಲ್ದಾ? ಲಾಳದ ಮನೆ ಕೊಳೆ ನೀರು ತಂದು ಸುರೀತೀಯಾ ನನ್ನ ಗುಂಡಿಗೆ? ಸುರಿಯೋದಾದ್ರೆ ನನ್ನ ಮೈಮೇಲೆ ಸುರಿ.”

“ಕೊಳೆ ಇಲ್ಲ ಅಜ್ಜಿ,” ಎಂದಳು ಗಾಡಿಯ ಹಿಂದೆ ಬಂದಿದ್ದ ಬೀಬಮ್ಮ. “ನಿಮ್ಮ ಮನೆ ಕೊಡದಾಗೇ ಸೇದಿದ್ದು.”

ಅವ್ವ ಬಾನಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಅಜ್ಜಿಯ ಪಕ್ಕ ಬಂದು ನಿಂತಳು.

“ಸುರೀತೀನಿ ಅತ್ತೆ. ನೆನೀತೀರಿ, ಎದ್ದೇಳ್ರಿ.”

“ಏಳಂಗಿಲ್ಲ.”

ಅವ್ವ ಸುರಿದೇಬಿಟ್ಟಳು. ಅಜ್ಜಿಯ ಸೀರೆ ತೊಡೆಯವರೆಗೆ ತೊಯ್ದು ಹೋಯಿತು. ಕೇರಿಯ ಜನ ಬಾಯಿ ಬಿಟ್ಟುಕೊಂಡು ನಿಂತರು. ಎರಡನೆಯ ಬಾನಿ, ಮೂರನೆಯ ಬಾನಿ. ಅವ್ವ ನಿಲ್ಲಿಸಲಿಲ್ಲ. ನಾನೂ ಸಣ್ಣ ಕೊಡದಲ್ಲಿ ಹೊತ್ತು ಸುರಿದೆ, ಬೇಕೆಂದೇ ಅಜ್ಜಿಯ ಹತ್ತಿರ ಸುರಿದೆ. ಗಾಡಿ ಮತ್ತೆ ಹೋಯಿತು, ಮತ್ತೆ ಬಂತು. ಅಜ್ಜಿ ಹಲ್ಲು ಕಚ್ಚಿಕೊಂಡು ಕೂತೇ ಇದ್ದಳು. ಆಮೇಲೆ ಯಾವಾಗಲೋ ಅವಳ ಮುಖ ಬದಲಾಯಿತು. ಕಾಲನ್ನು ರಾಡಿಯೊಳಗೆ ಮೆಲ್ಲಗೆ ಅತ್ತಿತ್ತ ಆಡಿಸಿದಳು. ಪಾದ ಎತ್ತಿದಳು. ಇಷ್ಟು ದಿನ ನೀರಿನಂತೆ ಜಾರಿಹೋಗುತ್ತಿದ್ದ ರಾಡಿ ಅವಳ ಹಿಮ್ಮಡಿಗೆ ಮೊಸರಿನಂತೆ ದಪ್ಪಗೆ ಅಂಟಿಕೊಂಡು ಬಂತು. ಬದುಕಿಡೀ ಮಣ್ಣು ತುಳಿದ ಕಾಲು ಅದು; ನಮ್ಮ ಕಣ್ಣಿಗೆ ಕಾಣುವ ಮುಂಚೆ ಅದಕ್ಕೆ ತಿಳಿದಿತ್ತು. ಅಜ್ಜಿ ತಟ್ಟನೆ ಎದ್ದು ನಿಂತಳು, ತೊಯ್ದ ಸೀರೆಯನ್ನು ಮೇಲೆತ್ತಿ ಕಟ್ಟಿದಳು.

“ಏನ್ ಮುಖ ನೋಡ್ಕೊಂತ ನಿಂತೀರೇ? ಕಲಕ್ರೇ! ಒಂದೇ ಕಡೆ ಸುರಿದ್ರೆ ಗಂಟು ಕಟ್ತೈತೆ. ಮೂಲೆಗೆ ಸುರೀರಿ, ಮೂಲೆಗೆ!”

ಕಲಕುವ ಕೋಲು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಅಜ್ಜಿ, ಅವ್ವ, ನಾನು ಮೂವರೂ ಗುಂಡಿಗೆ ಇಳಿದು ಕಾಲಲ್ಲೇ ಕಲಕಿದೆವು.

ಆಮೇಲಿನದು ನಾವು ಬಲ್ಲ ಕೆಲಸ. ಮಣ್ಣು ಕೂತಿತು. ತಿಳಿನೀರನ್ನು ಮೊಗೆದು ಮೊಗೆದು ಚೆಲ್ಲಿದೆವು. ಗರಸೆಲ್ಲ ಹೋಗಿ ಮಣ್ಣು ತೀರಾ ನುಣುಪಾಗಿದ್ದರಿಂದ ಬಿಸಿಲಿಗೆ ಬಿರುಕು ಬಿಡುತ್ತದೆಂದು ಅಜ್ಜಿ ಹೊಳೆಯ ಸಣ್ಣ ಮರಳನ್ನು ಜರಡಿ ಹಿಡಿದು ಅಳೆದು ಸೇರಿಸಿದಳು. ಇದನ್ನು ಅವ್ವನಿಗೆ ತೋರಿಸಿಕೊಡುತ್ತ ಸೇರಿಸಿದಳು, ಆದರೆ ಅವ್ವನ ಮುಖ ನೋಡಲಿಲ್ಲ. ತುಳಿದ ಮಣ್ಣನ್ನು ಬತ್ತಿಯಂತೆ ಹೊಸೆದು ಬೆರಳಿಗೆ ಸುತ್ತಿದಳು. ಸೀಳಲಿಲ್ಲ. ಹಲ್ಲಿನಲ್ಲಿ ಕಚ್ಚಿ ನೋಡಿದಳು. ಮುದ್ದೆಯನ್ನು ಅಪ್ಪನ ಮುಂದೆ ಇಟ್ಟಳು. ಮಾವ, ನಾನು, ಅವ್ವ ಸುತ್ತ ನಿಂತೆವು. ಅಪ್ಪ ತಿಗರಿ ತಿರುಗಿಸಿ ಎರಡು ಹೆಬ್ಬೆರಳು ಇಳಿಸಿದ. ಗಡಿಗೆ ಎದ್ದಿತು. ಸೊಂಟ ಕಟ್ಟಿತು, ಕತ್ತು ಕಟ್ಟಿತು, ಬಾಯಿ ಅರಳಿತು. ನಿಂತಿತು. ಅಪ್ಪ ಅಂಗೈ ತಿರುಗಿಸಿ ನಮಗೆಲ್ಲ ತೋರಿಸಿದ; ಒಂದು ಗೀರೂ ಇರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ಮೊದಲ ಮಳೆಗೆ ಮುಂಚೆ ಆವಿಗೆ ಹಚ್ಚಿದೆವು. ಸುಟ್ಟು ಬಂದ ಕೊಡಗಳ ಮೈಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು, ಉಪ್ಪಿನ ಕೆಲಸ. ಆವಿಗೆಯ ಬೂದಿ ಎಂದುಕೊಂಡು ಅಜ್ಜಿ ಸೆರಗಿನಲ್ಲಿ ಒರೆಸಿದಳು, ಹೋಗಲಿಲ್ಲ. ಕೊಂಡವರೇ ಆಮೇಲೆ ಬಂದು ಹೇಳಿದರು, ಈ ಬಿಳೀ ಕೊಡದಲ್ಲಿ ನೀರು ಇನ್ನೂ ತಣ್ಣಗಿರುತ್ತದೆ ಎಂದು.

ಮಾವ ಅಲ್ಲಿಯವರೆಗೂ ನಮ್ಮಲ್ಲೇ ಉಳಿದು ಕೆಲಸ ಮಾಡಿದ್ದ. ಹೊರಡುವ ದಿನ ಬೆಳಗ್ಗೆ ಗಾಡಿ ಹೂಡಿದಾಗ ಅವ್ವನ ಸೀರೆಯ ಗಂಟು ಇನ್ನೂ ಬಾಗಿಲ ಪಕ್ಕದಲ್ಲೇ ಇತ್ತು. ಅದನ್ನು ಬಿಚ್ಚು ಎಂದು ಅಜ್ಜಿ ಹೇಳಿರಲಿಲ್ಲ, ಅವ್ವ ತಾನಾಗಿ ಬಿಚ್ಚಿರಲಿಲ್ಲ. ಹೆಣ್ಣು ಕರೆಯಲು ಬಂದ ಗಾಡಿ ಬರಿದಾಗಿ ವಾಪಸಾದರೆ ಎರಡೂ ಮನೆಗೆ ಒಳ್ಳೆಯದಲ್ಲ ಎಂದು ನಮ್ಮವರಲ್ಲಿ ನಂಬಿಕೆ. ನಾನು ಆ ಗಂಟಿನ ಮೇಲೆ ಹತ್ತಿ ಕೂತೆ. ಯಾರು ಎಬ್ಬಿಸುತ್ತಾರೋ ನೋಡೋಣ ಎಂದು ಹಲ್ಲು ಕಚ್ಚಿ ಕೂತೆ.

ಅಜ್ಜಿ ಒಳಗಿನಿಂದ ಬಂದಳು. ಒಗೆದ ಸೀರೆ ಉಟ್ಟಿದ್ದಳು, ಕಂಕುಳಲ್ಲಿ ಒಂದು ಸಣ್ಣ ಗಂಟು, ಕೈಯಲ್ಲಿ ಹೊಸ ಬಿಳಿ ಕೊಡ. ನೇರ ಹೋಗಿ ಮಾವನ ಭುಜ ಹಿಡಿದು ಗಾಡಿ ಹತ್ತಿ ಹುಲ್ಲಿನ ಮೇಲೆ ಕೂತಳು. ಕೊಡವನ್ನು ತೊಡೆಯ ಮೇಲಿಟ್ಟುಕೊಂಡಳು.

“ಎಲ್ಲಿಗೆ ಹೊಂಟ್ರಿ ಅತ್ತೆ?”

“ನಿಮ್ಮೂರಿಗೆ. ಸೊಸೆ ತಂದಾಗಿಂದ ಬೀಗರ ಮನೆ ಹೊಸ್ತಿಲು ತುಳಿದಿಲ್ಲ. ಬೇಳೆ ಬೇಯದ ಆ ನೀರು ಎಂಥದ್ದೈತೋ ನೋಡ್ಕೊಂಡು ಬರ್ತೀನಿ.” ಮಾವನ ಬೆನ್ನಿಗೆ ಒಂದು ತಿವಿದಳು. “ಹೊಡಿಯಪ್ಪ ಗಾಡಿ, ಬಿಸಿಲು ಏರ್ತೈತೆ.”

ಗಾಡಿ ಅಲುಗಾಡಿತು. ಅಷ್ಟರಲ್ಲಿ ಏನೋ ಮರೆತವಳಂತೆ ಅಜ್ಜಿ ಹುಲ್ಲಿನಡಿ ಕೈ ಹಾಕಿ ಕಗ್ಗಲಿ ಕೋಲನ್ನು ಎಳೆದಳು. ಅದನ್ನು ಯಾವಾಗ ಅಲ್ಲಿ ಇಟ್ಟಿದ್ದಳೋ, ಕೊಡಲೆಂದು ಇಟ್ಟಿದ್ದಳೋ, ಕೊಡದೆ ಒಯ್ಯಲೆಂದು ಇಟ್ಟಿದ್ದಳೋ, ನನಗೆ ಇಂದಿಗೂ ಗೊತ್ತಿಲ್ಲ. ಗಾಡಿಯಿಂದ ಬಗ್ಗಿ ಅವ್ವನ ಕೈಗೆ ಕೊಟ್ಟಳು.

“ನಾ ಬರೋ ಮಟ ಗುಂಡಿ ನೋಡ್ಕೋ.”

ಗಾಡಿ ಕೇರಿ ದಾಟಿ, ಹೊಳೆಯ ರಸ್ತೆಗೆ ತಿರುಗಿತು. ಅಷ್ಟೆ. ಗುಂಡಿ ಕೆಟ್ಟಾಗ ಅಳದ ಅವ್ವ, ಗಾಡಿ ಬಂದಾಗ ಅಳದ ಅವ್ವ, ಆ ಕೋಲನ್ನು ಎದೆಗೆ ಒತ್ತಿ ಹಿಡಿದುಕೊಂಡು ಗೊಳೋ ಎಂದು ಅತ್ತಳು. ಅಪ್ಪ ಹತ್ತಿರ ಬಂದು ನಿಂತ. ನಾನು ಗಂಟಿನ ಮೇಲಿಂದ ಇಳಿಯದೆ ನೋಡುತ್ತಲೇ ಇದ್ದೆ. ಕೊನೆಗೆ ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿ, ಕೋಲಿನ ತುದಿಯಿಂದ ಮೆಲ್ಲಗೆ ನನ್ನ ಮೊಣಕಾಲು ತಿವಿದಳು.

“ಏಳೇ ಮೇಲಕ್ಕೆ. ನನ್ನ ಸೀರೆ ಗಂಟು ಒಳಗಿಟ್ಟು ಕೊಡ ತಗೋ. ಮಣ್ಣು ಒಣಗ್ತೈತೆ.”